‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’: ಮೈ ಉರಿಸೋ ಮಾತುಗಳ ಬಗ್ಗೆ ಒಂದಿಷ್ಟು ಮಾತು



ಇವತ್ತಿನ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಮದುವೆ ಮನೇಲಿ. ಎರಡನೇ ಪಂಕ್ತಿ. ಎಲೆಗೆ ಕೋಸಂಬರಿ ಬಿದ್ದಿತ್ತು, ಪಲ್ಯ ಬರ್ತಾ ಇತ್ತು. ಪಕ್ಕದಲ್ಲಿ ಕೂತಿದ್ದ ದೂರದ ಸಂಬಂಧದ ದೊಡ್ಡಪ್ಪ ನನ್ನ ಕಡೆ ತಿರುಗಿ, “ಏನಪ್ಪಾ, ನಮಗೆ ಯಾವಾಗ ಊಟ ಹಾಕ್ಸೋದು?” ಅಂದ್ರು. ನನಗೆ ಈಗ ಇಪ್ಪತ್ತೊಂಬತ್ತು. ಕಳೆದ ಮೂರು ವರ್ಷದಿಂದ ಯಾವ ಮದುವೆಗೆ ಹೋದ್ರೂ ಈ ಪ್ರಶ್ನೆ ಗ್ಯಾರಂಟಿ. “ಈಗ ಊಟಾನೇ ಮಾಡ್ತಿದ್ದೀರಲ್ಲ ದೊಡ್ಡಪ್ಪ” ಅಂದೆ. ಅವರು ಜೋರಾಗಿ ನಕ್ಕರು. ಹೋಳಿಗೆ ಬಂತು, ಮಾತು ಮುಗೀತು.

ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದುರು ಸಾಲಲ್ಲಿ ಕೂತಿದ್ದ ನನ್ನ ಅಕ್ಕನ್ನ ನೋಡಿ, “ಯಜಮಾನ್ರು ಬರ್ಲಿಲ್ವೇನಮ್ಮಾ?” ಅಂದ್ರು. ಅಕ್ಕ ತಲೆ ಎತ್ತಲಿಲ್ಲ. ಅನ್ನಕ್ಕೆ ಸಾರು ಕಲಸ್ತಾನೇ ಇದ್ದಳು. “ಎಲ್ಲಾ ಮನೇಲೂ ಇದ್ದಿದ್ದೇ ಕಣಮ್ಮಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕು” ಅಂತ ಅವರೇ ಮುಂದುವರಿಸಿದ್ರು.

ನನಗೆ ರೇಗಿಹೋಯ್ತು. ಏನಾದ್ರೂ ಅನ್ನೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಒಂದು ವಿಷಯ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಏನದು ಅಂತ ಆಮೇಲೆ ಹೇಳ್ತೀನಿ.

ಮನೆಗೆ ಬಂದು ಗೆಳೆಯರ ವಾಟ್ಸಾಪ್ ಗುಂಪಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದೆ: “ದಿನಾ ಕೇಳೋ ಮಾತಲ್ಲಿ ನಿಮಗೆ ತುಂಬಾ ಕಿರಿಕಿರಿ ಅನ್ನಿಸೋದು ಯಾವುದು?” ಹುಟ್ಟುಹಬ್ಬಕ್ಕೆ ವಿಶ್ ಮಾಡೋಕೂ ಸೋಮಾರಿತನ ಮಾಡೋ ಗುಂಪು ಅದು. ಅವತ್ತು ರಾತ್ರಿ ಒಂದು ಗಂಟೆವರೆಗೂ ಮೆಸೇಜ್ ನಿಲ್ಲಲಿಲ್ಲ.

ಒಬ್ಬ ಬರೆದ: “ತಪ್ಪು ತಿಳ್ಕೋಬೇಡಿ, ಆದ್ರೆ...” ಈ ‘ಆದ್ರೆ’ ಆದಮೇಲೆ ಇವತ್ತಿನವರೆಗೂ ಯಾರೂ ಒಳ್ಳೆ ಮಾತು ಆಡಿಲ್ಲ ಅಂತ ಅವನ ವಾದ. ತಪ್ಪು ತಿಳ್ಕೋಬೇಕಾದ ಮಾತನ್ನ ಆಡೋಕೆ ಮುಂಚೆ ನಮ್ಮ ಹತ್ರಾನೇ ಲೈಸೆನ್ಸ್ ತಗೊಳ್ಳೋದು.

ಇನ್ನೊಬ್ಬಳದು: “ಐದೇ ನಿಮಿಷ, ಬಂದೆ.” ಇದನ್ನ ಹೇಳೋವಾಗ ಆ ಮನುಷ್ಯ ಇನ್ನೂ ಸ್ನಾನಕ್ಕೆ ಹೋಗಿರಲ್ಲ. ವ್ಯಾಕರಣದ ಮಜಾನೂ ನೋಡಿ. ‘ಬರ್ತೀನಿ’ ಅಲ್ಲ, ‘ಬಂದೆ’. ಭೂತಕಾಲ! ನಮ್ಮ ಭಾಷೇಲಿ ಇನ್ನೂ ಹೊರಡದೇ ಇರೋನು ಆಗಲೇ ಬಂದಾಗಿರುತ್ತೆ.

ಮೂರನೆಯದು: “ಏನು, ದಪ್ಪ ಆಗ್ಬಿಟ್ಟಿದ್ದೀಯಾ?” ಇದರ ಅವಳಿ ತಮ್ಮ, “ಯಾಕಪ್ಪಾ, ಇಳಿದು ಹೋಗಿದ್ದೀಯಾ?” ಇವೆರಡರ ಮಧ್ಯೆ ನಮ್ಮ ಸಂಬಂಧಿಕರಿಗೆ ಇಷ್ಟ ಆಗೋ ಒಂದು ತೂಕ ಎಲ್ಲೋ ಇರಬೇಕು. ಅದನ್ನ ಮುಟ್ಟಿದೋರು ಯಾರೂ ಇಲ್ಲ.

ನಾಲ್ಕನೆಯದು ಸ್ವಲ್ಪ ಗಂಭೀರ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಿರೋ ಗೆಳೆಯ ಬರೆದ: “ಸುಮ್ನೆ ಕೇಳ್ದೆ.” ಮೊದಲು “ಯಾವ ಊರು?”, ಆಮೇಲೆ “ಊಟ ವೆಜ್ಜಾ?”, ಆಮೇಲೆ “ಅಪ್ಪನ ಹೆಸರೇನು?”, ಕೊನೆಗೆ “ನೀವು ಯಾವ ಪೈಕಿ?” ಇವನು ಮುಖ ನೋಡಿದ್ರೆ, “ಏನಿಲ್ಲ, ಸುಮ್ನೆ ಕೇಳ್ದೆ.” ಅಡ್ವಾನ್ಸ್ ಎಷ್ಟು, ನೀರು ಬರುತ್ತಾ ಅನ್ನೋದು ಮಾತಿಗೆ ಬರೋ ಮೊದಲೇ ಜಾತಿ ಲೆಕ್ಕ ಮುಗಿದಿರುತ್ತೆ. ಮಾರನೇ ದಿನ ಫೋನ್ ಮಾಡಿದ್ರೆ ಮನೆ ಬೇರೆಯವರಿಗೆ ಕೊಟ್ಟಾಯ್ತು. ಅವನು ಹೇಳಿದ್ದು ಇಷ್ಟೇ: “ನೇರವಾಗಿ ಜಾತಿ ಯಾವುದು ಅಂತ ಕೇಳಿದ್ರೆ ನಾನೂ ನೇರವಾಗಿ ಜಗಳ ಆಡಬಹುದು. ಸುಮ್ನೆ ಕೇಳ್ದೆ ಅಂದೋನ ಜೊತೆ ಹೇಗೆ ಜಗಳ ಆಡೋದು?”

ಗುಂಪಲ್ಲಿ ಒಂದು ಮಾತಿನ ಬಗ್ಗೆ ಮಾತ್ರ ವಾದ ಆಯ್ತು: “ಊಟ ಆಯ್ತಾ?” ಒಬ್ಬಳಿಗೆ ಇದೂ ಕಿರಿಕಿರಿ. “ಸಂಜೆ ಐದು ಗಂಟೆಗೆ ಯಾರಾದ್ರೂ ಊಟ ಮಾಡ್ತಾರಾ? ಆದ್ರೂ ಕೇಳ್ತಾರೆ” ಅಂತ ಅವಳ ದೂರು. ಇಲ್ಲಿ ನಾನು ದೊಡ್ಡೋರ ಪರ. ಬ್ರೋನಿಸ್ಲಾವ್ ಮಲಿನೋವ್ಸ್ಕಿ ಅನ್ನೋ ಮಾನವಶಾಸ್ತ್ರಜ್ಞ 1923ರಲ್ಲೇ ಇಂಥ ಮಾತಿಗೆ ಒಂದು ಹೆಸರು ಕೊಟ್ಟಿದ್ದ: ‘ಫ್ಯಾಟಿಕ್ ಕಮ್ಯೂನಿಯನ್’. ಹೆಸರು ದೊಡ್ಡದು, ವಿಷಯ ಸರಳ. ಕೆಲವು ಮಾತಿನ ಕೆಲಸ ಸುದ್ದಿ ಮುಟ್ಟಿಸೋದಲ್ಲ, ಸಂಬಂಧ ಜೋಡಿಸೋದು. “ಊಟ ಆಯ್ತಾ?” ಅಂತ ಕೇಳಿದ ಅಜ್ಜಿಗೆ ನಾವು ಏನು ತಿಂದ್ವಿ ಅನ್ನೋ ಪಟ್ಟಿ ಬೇಡ. “ನೀನು ನನ್ನ ಕಣ್ಣಿಗೆ ಬಿದ್ದಿದ್ದೀಯ, ನಿನ್ನ ಮಾತಾಡಿಸ್ದೆ” ಅನ್ನೋದೇ ಅದರ ಅರ್ಥ. “ಆಯ್ತು, ನಿಮ್ದು?” ಅಂದ್ರೆ ಇಬ್ಬರಿಗೂ ಸಮಾಧಾನ.

ಹಾಗಾದ್ರೆ “ಊಟ ಆಯ್ತಾ?” ಸಹಿಸಿಕೊಳ್ಳೋ ನಮಗೆ ಬೇರೆ ಮಾತುಗಳು ಯಾಕೆ ಮೈ ಉರಿಸ್ತವೆ? ಅವೂ ಸವೆದ ಮಾತುಗಳೇ, ಇದೂ ಸವೆದ ಮಾತೇ. ನನಗೆ ಅನ್ನಿಸೋದು ಇದು: “ಊಟ ಆಯ್ತಾ?” ಮಾತಿಗೆ ಬಾಗಿಲು ತೆಗೆಯುತ್ತೆ. ಇನ್ನು ಕೆಲವು ಮಾತು ಬಾಗಿಲು ಹಾಕ್ತವೆ. ಅದನ್ನ ಅರ್ಥ ಮಾಡ್ಕೊಳ್ಳೋಕೆ ನಿಜವಾಗಲೂ ಬಾಗಿಲ ಮೇಲೆ ಬರೆದಿದ್ದ ಒಂದು ಮಾತನ್ನೇ ತಗೊಳ್ಳೋಣ.

‘ನಾಳೆ ಬಾ.’

ನಿಮ್ಮ ಅಪ್ಪ ಅಮ್ಮನ್ನ ಕೇಳಿ, ಹೇಳ್ತಾರೆ. 1990ರ ದಶಕದಲ್ಲಿ ಬೆಂಗಳೂರಲ್ಲಿ, ಸುತ್ತಮುತ್ತಲ ಊರುಗಳಲ್ಲಿ ಎಷ್ಟೋ ಮನೆಗಳ ಬಾಗಿಲು, ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆದಿರ್ತಿತ್ತು. ರಾತ್ರಿ ದೆವ್ವ ಬಂದು, ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುತ್ತೆ ಅನ್ನೋ ನಂಬಿಕೆ. ದೆವ್ವ ಆ ಬರಹ ಓದುತ್ತೆ, ಸರಿ ಅಂತ ವಾಪಸ್ ಹೋಗುತ್ತೆ. ಮಾರನೇ ದಿನ ಬಂದ್ರೂ ಅದೇ ‘ನಾಳೆ ಬಾ’. 2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲಿ ಇಂಥದ್ದೇ ಗೋಡೆ ಬರಹ ನೀವು ನೋಡಿರ್ತೀರ.

ದೆವ್ವದ ಕಥೆ ಪಕ್ಕಕ್ಕಿಡಿ. ಆ ಎರಡು ಪದದ ಶಕ್ತಿ ನೋಡಿ. ‘ಬರಬೇಡ’ ಅಂದಿದ್ರೆ ದೆವ್ವಕ್ಕೆ ಸಿಟ್ಟು ಬರ್ತಿತ್ತು. ‘ನಾಳೆ ಬಾ’ ಅಂದ್ರೆ ಇಲ್ಲ ಅಂತಾನೂ ಹೇಳಿದ ಹಾಗಾಗಲ್ಲ, ಹೂಂ ಅಂತಾನೂ ಆಗಲ್ಲ. ಇದೇ ಮಂತ್ರವನ್ನ ನಮ್ಮ ಎಷ್ಟೋ ಕಚೇರಿಗಳಲ್ಲಿ ಜನರ ಮೇಲೂ ಹಾಕ್ತಾರೆ. ನಮ್ಮಪ್ಪ ಒಂದು ಸರ್ಟಿಫಿಕೇಟಿಗೆ ಆರು ಸಲ ಅಲೆದಿದ್ರು. ಒಂದಿನ ಸರ್ವರ್ ಡೌನ್, ಒಂದಿನ ಸಾಹೇಬ್ರು ಮೀಟಿಂಗು, ಒಂದಿನ ಬರೀ “ನಾಳೆ ಬನ್ನಿ”. ಗೌರವಕ್ಕೇನೂ ಕಮ್ಮಿ ಇಲ್ಲ, ಬಹುವಚನ ಕೊಟ್ಟೇ ಕಳಿಸೋದು.

ಈ ಮಾತಿನ ವಿರುದ್ಧ ಕರ್ನಾಟಕದಲ್ಲಿ ಒಂದು ಕಾಯ್ದೆ ಬಂದಿದೆ ಅಂದ್ರೆ ನೀವು ನಂಬಬೇಕು. 2011ರ ಸೇವಾ ಖಾತ್ರಿ ಕಾಯ್ದೆ. ನಮಗೆಲ್ಲ ಗೊತ್ತಿರೋ ಹೆಸರು ‘ಸಕಾಲ’. 2012ರ ಏಪ್ರಿಲ್‌ನಿಂದ ರಾಜ್ಯದ ಎಲ್ಲಾ ಕಡೆ ಶುರುವಾಯ್ತು. ಅದರ ಘೋಷವಾಕ್ಯದಲ್ಲೇ ‘ಇಂದು, ನಾಳೆ ಇನ್ನಿಲ್ಲ’ ಅಂತಿದೆ. ಅರ್ಜಿ ಕೊಟ್ಟಾಗ ಒಂದು ಸ್ವೀಕೃತಿ ಚೀಟಿ, ಅದರಲ್ಲಿ 15 ಅಂಕಿಯ ಜಿಎಸ್‌ಸಿ ನಂಬರ್, ಕೆಲಸ ಮುಗಿಸಬೇಕಾದ ದಿನ. ತಡ ಆದ್ರೆ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ ಹೆಚ್ಚು ಅಂದ್ರೆ 500 ರೂಪಾಯಿವರೆಗೆ ಪರಿಹಾರ ಕೇಳೋ ಹಕ್ಕಿದೆ. 20 ರೂಪಾಯಿ ಏನು ಮಹಾ ಅನ್ನಬೇಡಿ. ‘ನಾಳೆ’ ಅನ್ನೋ ಜಾಗದಲ್ಲಿ ಒಂದು ತಾರೀಖು ಬಂತಲ್ಲ, ಅದು ದೊಡ್ಡದು. ಅಪ್ಪನ ಆರನೇ ಸಲದಲ್ಲಿ ನಾನೂ ಜೊತೆಗಿದ್ದೆ. “ಸಕಾಲ ನಂಬರ್ ಕೊಡಿ ಸರ್” ಅಂದೆ, ಅಷ್ಟೇ. ಕೌಂಟರ್‌ನಲ್ಲಿದ್ದೋರು ಮೊದಲ ಸಲ ತಲೆ ಎತ್ತಿ ಅಪ್ಪನ ಮುಖ ನೋಡಿದ್ರು.

ಕಚೇರಿಯ ‘ನಾಳೆ ಬನ್ನಿ’ಗೆ ಹೀಗೆ ಒಂದು ಔಷಧಿ ಇದೆ. ಮನೆಯೊಳಗಿನ ಮಾತಿಗೆ ಯಾವ ಚೀಟಿ, ಯಾವ ತಾರೀಖು?

ಈಗ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ಗೆ ಬರ್ತೀನಿ.

ಮೂರು ಪದ, ಮೂರು ಭಾಷೆ. ‘ಸ್ವಲ್ಪ’ ಸಂಸ್ಕೃತದ್ದು: ಸು ಸೇರಿದ ಅಲ್ಪ, ಅಂದ್ರೆ ತೀರಾ ಚೂರು. ‘ಮಾಡ್ಕೋ’ ನಮ್ಮದೇ. ‘ಅಡ್ಜಸ್ಟ್’ ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದಿದ್ದು. ಅದರ ಹಿಂದೆ ‘ಹತ್ತಿರ’ ಅನ್ನೋ ಅರ್ಥದ ಲ್ಯಾಟಿನ್ ಪದ ಇದೆ. ಹತ್ತಿರ ಸರಿಯೋದು! ನಮ್ಮ ಕೆಂಪು ಬಸ್ಸಿನ ಮೂರು ಜನರ ಸೀಟಿಗೆ ಇದಕ್ಕಿಂತ ಸರಿಯಾದ ಪದ ಇಲ್ಲ. ಮಗು ಎತ್ಕೊಂಡಿರೋ ಅಮ್ಮ ಬಂದು “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂದ್ರೆ, ಮೂರು ಜನ ಒತ್ತಿಕೊಂಡು ನಾಲ್ಕನೆಯವರಿಗೆ ಜಾಗ ಮಾಡ್ತೀವಿ. ಇದು ಒಳ್ಳೆ ಮಾತು. ಈ ರಾಜ್ಯದಲ್ಲಿ ಎಷ್ಟೋ ಕೆಲಸ ನಡೆಯೋದು ಈ ಮಾತಿನ ಮೇಲೇನೇ.

ಆದರೆ ಬಸ್ಸಲ್ಲಿ ಎರಡು ವಿಷಯ ಇರ್ತವೆ. ಒಂದು, ಮೂರೂ ಜನ ಸರೀತಾರೆ. ಎರಡು, ಮುಂದಿನ ಸ್ಟಾಪ್ ಬರುತ್ತೆ. ಅದೇ ಮಾತು ಮನೆಯೊಳಗೆ ಬಂದಾಗ ಸರಿಯೋದು ಒಬ್ಬರೇ, ಸ್ಟಾಪ್ ಯಾವುದು ಅಂತ ಯಾರೂ ಹೇಳಲ್ಲ.

ನನ್ನ ಅಕ್ಕನ ವಿಷಯ ಇದು. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಈ ಸ್ಕ್ರಿಪ್ಟನ್ನ ಅವಳೇ ಓದಿ, ಒಂದು ಪ್ಯಾರಾ ಹೊಡೆದು ಹಾಕಿದ್ದಾಳೆ.

ಅಕ್ಕ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮದುವೆಯಾದ ಎರಡನೇ ತಿಂಗಳಿಗೇ ಅವಳ ಎಟಿಎಂ ಕಾರ್ಡ್ ಭಾವನ ಪರ್ಸಿಗೆ ಹೋಯ್ತು. “ಇಬ್ಬರ ದುಡ್ಡೂ ಒಂದೇ ಕಡೆ ಇದ್ರೆ ಲೆಕ್ಕ ಸುಲಭ” ಅಂತ. ಆಮೇಲೆ ಸಂಬಳದ ಮೆಸೇಜ್ ಬರೋ ಫೋನ್ ನಂಬರೂ ಅವರದ್ದಾಯ್ತು. ಅಕ್ಕನಿಗೆ ಏನೇ ಬೇಕಾದ್ರೂ ಕೇಳಿ ಇಸ್ಕೋಬೇಕು, ಯಾಕೆ ಅಂತ ಹೇಳಬೇಕು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ, “ಬಸ್ಸಂತೂ ಫ್ರೀ ಇದೆಯಲ್ಲ, ನಿಂಗೆ ಇನ್ಯಾತಕ್ಕೆ ದುಡ್ಡು?” ಅನ್ನೋದು ಶುರುವಾಯ್ತು. ತಿಂಗಳ ಪ್ಯಾಡಿಗೂ ಲೆಕ್ಕ ಕೊಡಬೇಕಿತ್ತು.

ಒಂದಿನ ಅವಳು ಅಮ್ಮನಿಗೆ ಹೇಳಿದಳು. ಅಮ್ಮ ಕೇಳಿದ ಮೊದಲ ಪ್ರಶ್ನೆ: “ಹೊಡೆದನಾ?”

“ಇಲ್ಲ.”

“ಕುಡೀತಾನಾ?”

“ಇಲ್ಲಮ್ಮಾ.”

“ಮತ್ತೆ?”

ಆ ‘ಮತ್ತೆ?’ ಆದಮೇಲೆ ಅಕ್ಕ ಅಮ್ಮನ ಹತ್ರ ಆ ವಿಷಯ ಎತ್ತಲಿಲ್ಲ. ನಮ್ಮಮ್ಮ ಕೆಟ್ಟೋಳಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’, ‘ತಾಳಿದವನು ಬಾಳಿಯಾನು’ ಅನ್ನೋದನ್ನ ಕೇಳ್ಕೊಂಡೇ ಬೆಳೆದೋಳು, ಅದರಲ್ಲೇ ಬದುಕಿದೋಳು. ತನಗೆ ಕೊಟ್ಟಿದ್ದನ್ನೇ ಮಗಳಿಗೂ ಕೊಟ್ಟಳು.

ಆದ್ದರಿಂದ ಅಕ್ಕ ನನಗೆ ಫೋನ್ ಮಾಡಿದಳು. ನಾನು ಓದಿದೋನು, ಬೆಂಗಳೂರಲ್ಲಿರೋನು, ಮೊಬೈಲಲ್ಲಿ ಸಮಾನತೆ ಬಗ್ಗೆ ಸ್ಟೇಟಸ್ ಹಾಕೋನು. ನಾನು ಆಫೀಸಲ್ಲಿದ್ದೆ. ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಕ್ಕಿಸ್ಕೊಂಡು, ಎರಡೂ ಕೈಯಲ್ಲಿ ಟೈಪ್ ಮಾಡ್ತಿದ್ದೆ. ಅವಳು ಏನೋ ಹೇಳ್ತಾ ಇದ್ದಳು. ಅರ್ಧ ಕೇಳಿಸ್ತು. ನಾನು ಹೇಳಿದ್ದು ಮಾತ್ರ ಪೂರ್ತಿ ನೆನಪಿದೆ.

“ಎಲ್ಲಾ ಮನೇಲೂ ಇದ್ದಿದ್ದೇ ಬಿಡಕ್ಕಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

ಅವಳು, “ಸರಿ ಕಣೋ, ಕೆಲಸ ನೋಡ್ಕೋ” ಅಂದು ಫೋನ್ ಇಟ್ಟಳು.

ಮದುವೆ ಪಂಕ್ತೀಲಿ ದೊಡ್ಡಪ್ಪನಿಗೆ ಎದುರು ಮಾತಾಡೋಕೆ ಹೋಗಿ ನಾನು ಬಾಯಿ ಮುಚ್ಚಿಕೊಂಡಿದ್ದು ಇದಕ್ಕೇ. ಅವರು ಆಡಿದ್ದು ನನ್ನದೇ ಮಾತು. ಪದ ಪದವೂ ಅದೇ.

ಆ ಫೋನ್ ಆದಮೇಲೆ ಏಳು ತಿಂಗಳು ಅಕ್ಕ ನನಗೆ ಏನೂ ಹೇಳಲಿಲ್ಲ. ಫೋನಲ್ಲಿ “ಊಟ ಆಯ್ತಾ?” ಅಂತಿದ್ದಳು, “ಆಯ್ತು, ನಿಂದು?” ಅಂತಿದ್ದೆ. ಎಲ್ಲಾ ಸರಿ ಹೋಗಿದೆ ಅಂದ್ಕೊಂಡಿದ್ದೆ. ಕಳೆದ ದೀಪಾವಳಿಗೆ ಒಬ್ಬಳೇ ಒಂದು ಬ್ಯಾಗ್ ಹಿಡ್ಕೊಂಡು ಮನೆಗೆ ಬಂದಳು, ವಾಪಸ್ ಹೋಗಲಿಲ್ಲ. ಅವತ್ತು ರಾತ್ರಿ ಮಹಡಿ ಮೇಲೆ ಕೂತು ಎಲ್ಲಾ ಹೇಳಿದಳು. “ಆಗಲೇ ಯಾಕಕ್ಕಾ ಹೇಳಲಿಲ್ಲ?” ಅಂದೆ. ನಾಚಿಕೆ ಇಲ್ಲದೆ ಕೇಳಿದೆ.

“ಹೇಳಿದ್ನಲ್ಲೋ” ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ.

ಇದು ಬರೀ ನಮ್ಮ ಮನೆ ಕಥೆ ಅಲ್ಲ ಅನ್ನೋಕೆ ಎರಡು ಅಂಕಿ ಹೇಳ್ತೀನಿ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಒಂದಲ್ಲ ಒಂದು ಸಲ ಹಿಂಸೆ ಅನುಭವಿಸಿದ್ದಾರೆ. ಇನ್ನೊಂದು ಪ್ರಶ್ನೆ: ಹೆಂಡತಿಗೆ ಗಂಡ ಹೊಡೆಯೋದು ಕೆಲವು ಸಂದರ್ಭದಲ್ಲಿ ಸರಿಯಾ? ನಮ್ಮ ರಾಜ್ಯದ ಹೆಂಗಸರಲ್ಲೇ ನೂರಕ್ಕೆ ಸುಮಾರು 77 ಜನ ಒಂದಾದರೂ ಸಂದರ್ಭದಲ್ಲಿ ಸರಿ ಅಂದಿದ್ದಾರೆ. ಗಂಡಸರಲ್ಲಿ ಸುಮಾರು 82. ಹೆಂಗಸರ ಈ 77 ಎಲ್ಲಿಂದ ಬಂತು? ಯಾರೂ ಹುಟ್ಟುತ್ತಲೇ ಹಾಗೆ ಅಂದ್ಕೊಳ್ಳಲ್ಲ. ಹೇಳ್ಕೊಳ್ಳೋಕೆ ಹೋದಾಗಲೆಲ್ಲ ‘ಇದ್ದಿದ್ದೇ’, ‘ಅಡ್ಜಸ್ಟ್ ಮಾಡ್ಕೋ’ ಅಂತ ವಾಪಸ್ ಕಳಿಸಿದ್ರೆ, ಕೊನೆಗೆ ಅದೇ ಅವರ ಅಭಿಪ್ರಾಯವೂ ಆಗಿಬಿಡುತ್ತೆ.

ಇನ್ನೊಂದು ವಿಷಯ. ‘ಹೊಡೆದನಾ?’ ಅನ್ನೋದೊಂದೇ ಪ್ರಶ್ನೆ ಅಲ್ಲ ಅಂತ ನಮ್ಮ ಕಾನೂನು ಯಾವತ್ತೋ ಹೇಳಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡೋ 2005ರ ಕಾಯ್ದೆ, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ದೈಹಿಕ, ಲೈಂಗಿಕ ಹಿಂಸೆ ಜೊತೆಗೆ ಮಾತಿನ ಹಿಂಸೆ, ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ, ಎಲ್ಲವೂ ಅದರಲ್ಲಿವೆ. ಅವಳಿಗೆ ಸೇರಬೇಕಾದ ದುಡ್ಡನ್ನ ಅವಳಿಗೆ ಸಿಗದ ಹಾಗೆ ಮಾಡೋದೂ ಹಿಂಸೆ. ಅಮ್ಮನ ‘ಮತ್ತೆ?’ಗೆ ಉತ್ತರ ಈ ಕಾಯ್ದೆಯಲ್ಲಿ ಇತ್ತು. ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಇದನ್ನ ಕೇಳ್ತಿರೋ ಯಾರಿಗಾದ್ರೂ ಬೇಕಾಗಬಹುದು: ಮಹಿಳಾ ಸಹಾಯವಾಣಿ 181. ತುರ್ತು ಇದ್ರೆ 112.

ಅಕ್ಕ ಮೊದಲು ಮಾಡಿದ ಕೆಲಸ ಕೋರ್ಟಿಗೆ ಹೋಗಿದ್ದಲ್ಲ. ಬೇರೆ ಬ್ಯಾಂಕಲ್ಲಿ ತನ್ನ ಹೆಸರಲ್ಲಿ, ತನ್ನ ಫೋನ್ ನಂಬರಲ್ಲಿ ಒಂದು ಖಾತೆ ತೆಗೆದಳು. ಸಂಬಳ ಇನ್ಮೇಲೆ ಇಲ್ಲಿಗೆ ಹಾಕಿ ಅಂತ ಶಾಲೆಗೆ ಪತ್ರ ಕೊಟ್ಟಳು. ಮುಂದಿನ ತಿಂಗಳ ಮೊದಲ ವಾರ ಅವಳ ಮೊಬೈಲ್ ‘ಟಿಂಗ್’ ಅಂತು. ಮೆಸೇಜನ್ನ ನನಗೂ ತೋರಿಸಿದಳು, ಅಮ್ಮನಿಗೂ ತೋರಿಸಿದಳು. ಅಮ್ಮ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, “ಇಷ್ಟು ಬರ್ತಿತ್ತಾ ನಿಂಗೆ?” ಅಂದಳು. ಮುಂದೆ ಏನು, ಹೇಗೆ ಅನ್ನೋದನ್ನ ಅಕ್ಕ ಯೋಚನೆ ಮಾಡ್ತಿದ್ದಾಳೆ. ಅದು ಅವಳ ತೀರ್ಮಾನ.

ನಾನು ಏನು ಬದಲಾಯಿಸ್ಕೊಂಡೆ ಅಂತ ಕೇಳ್ತೀರ ಅಲ್ವಾ? ದೊಡ್ಡದೇನಲ್ಲ. ಯಾರಾದ್ರೂ ಕಷ್ಟ ಹೇಳ್ಕೊಂಡಾಗ ಬಾಯಿಗೆ ಮೊದಲು ಬರೋ ಮಾತನ್ನ ನುಂಗಿಕೊಳ್ತೀನಿ. ಯಾಕಂದ್ರೆ ಮೊದಲು ಬರೋದು ಯಾವಾಗಲೂ ಸವೆದ ಮಾತೇ. ‘ಎಲ್ಲಾ ಒಳ್ಳೇದಕ್ಕೇ’, ‘ಟೈಮ್ ಬಂದಾಗ ಸರಿ ಹೋಗುತ್ತೆ’, ‘ನಾಲ್ಕು ಜನ ಏನಂತಾರೆ’. ಅದರ ಬದಲು ಒಂದು ಪ್ರಶ್ನೆ ಕೇಳ್ತೀನಿ: “ಏನಾಯ್ತು, ಸರಿಯಾಗಿ ಹೇಳು.” ಆಫೀಸಲ್ಲಿದ್ರೆ, “ಈಗ ಆಗ್ತಿಲ್ಲ, ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡ್ತೀನಿ” ಅಂತೀನಿ. ಸಕಾಲದ ಚೀಟಿ ಥರ, ‘ನಾಳೆ’ ಬದಲು ಒಂದು ಟೈಮು. ಒಂಬತ್ತಕ್ಕೆ ಮಾಡ್ತೀನಿ ಕೂಡ. ಒಂದೆರಡು ಸಲ ಒಂಬತ್ತೂವರೆ ಆಗಿದೆ, ಸುಳ್ಳು ಹೇಳಲ್ಲ.

ಇನ್ನು ನಿಮಗೆ ಯಾರಾದ್ರೂ “ಅಡ್ಜಸ್ಟ್ ಮಾಡ್ಕೋ” ಅಂದ್ರೆ, ಜಗಳ ಬೇಡ. ಎರಡು ಪ್ರಶ್ನೆ ಕೇಳಿ. “ನಾನು ಮಾಡ್ಕೊಳ್ತೀನಿ, ಅವರೇನು ಮಾಡ್ತಾರೆ?” ಆಮೇಲೆ, “ಎಲ್ಲೀವರೆಗೆ?” ಬಸ್ಸಿನ ಸೀಟಾದ್ರೆ ಎರಡಕ್ಕೂ ಉತ್ತರ ಸಿಗುತ್ತೆ. ಸಿಗದೇ ಇದ್ರೆ ಅದು ಬಸ್ಸಲ್ಲ ಅಂತ ತಿಳ್ಕೊಳ್ಳಿ.

ದೊಡ್ಡಪ್ಪನ ವಿಷಯ ಬಾಕಿ ಉಳೀತು. ಊಟ ಆದಮೇಲೆ ಕೈ ತೊಳೆಯೋ ಜಾಗದಲ್ಲಿ ಅವರೇ ಸಿಕ್ಕರು. ನಾನೇ ಹೇಳಿದೆ, “ದೊಡ್ಡಪ್ಪಾ, ಅಕ್ಕನ ಸಂಬಳ ಪೂರ್ತಿ ಅವರೇ ಇಟ್ಕೊಳ್ತಿದ್ರು. ಮೂರು ವರ್ಷ.” ಅವರು ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ್ರು. “ಅಯ್ಯೋ, ನಂಗೆ ಗೊತ್ತಿರ್ಲಿಲ್ಲ ಕಣಪ್ಪಾ” ಅಂದ್ರು. ಆಮೇಲೆ ಅಕ್ಕನ ಹತ್ರ ಹೋಗಿ ಅದೇನು ಮಾತಾಡಬೇಕೋ ತೋಚದೆ, “ಊಟ ಸರಿಯಾಗಿ ಆಯ್ತೇನಮ್ಮಾ?” ಅಂತ ಕೇಳಿದ್ರು.

“ಆಯ್ತು ದೊಡ್ಡಪ್ಪಾ, ನಿಮ್ದು?” ಅಂದಳು ಅಕ್ಕ.

ನಿಮಗೆ ಮೈ ಉರಿಸೋ ಮಾತು ಯಾವುದು, ಯೋಚನೆ ಮಾಡಿ. ಅದನ್ನ ನೀವೇ ಯಾರಿಗಾದ್ರೂ ಹೇಳಿದ್ದು ನೆನಪಾದ್ರೆ, ಇವತ್ತೇ ಅವರಿಗೆ ಒಂದು ಫೋನ್ ಮಾಡಿ.